ಮೇಷ್ಟ್ರು ಮಾಡೋದು ಕೆಲಸ ಅಲ್ವಂತೆ!

ಮೊನ್ನೆ ರಾತ್ರಿ ಹತ್ತೂವರೆಗೆ ಫೋನು. ಊಟ ಮುಗಿಸಿ ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದಿದ್ದೆ. ಆ ಹೊತ್ತಿಗೆ ವಕೀಲನಿಗೆ ಫೋನು ಬಂತು ಅಂದ್ರೆ ಒಂದೋ ಯಾರೋ ಸ್ಟೇಷನ್ನಿನಲ್ಲಿದ್ದಾರೆ, ಇಲ್ಲಾ ಯಾರೋ ಸಿಟ್ಟಿನಲ್ಲಿದ್ದಾರೆ. ಇದು ಎರಡನೇದು. ಒಂದು ಶಾಲೆಯ ಕಾರ್ಯದರ್ಶಿಗಳು.

"ಸಾರ್, ಒಂದು ಲೆಟರ್ ಬರೆದು ವಾಟ್ಸಾಪ್ ಮಾಡಿಬಿಡಿ. ನಾಳೆಯಿಂದ ಬರಬೇಡಿ ಅಂತ. ನಮ್ಮ ಗಣಿತದ ಮಿಸ್ಸಿಗೆ."

"ಏನಾಯ್ತು?"

"ಪೇರೆಂಟ್ಸ್ ಗ್ರೂಪಲ್ಲಿ ಗಲಾಟೆ ಸಾರ್. ಬೆಳಿಗ್ಗೆ ಅಷ್ಟೊತ್ತಿಗೆ ಏನಾದ್ರೂ ಮಾಡ್ಲೇಬೇಕು."

"ಅವರನ್ನ ಕೇಳಿದ್ರಾ, ಏನು ನಡೀತು ಅಂತ?"

"ಕೇಳೋದೇನು ಸಾರ್, ಎಲ್ಲಾ ಗ್ರೂಪಲ್ಲೇ ಇದೆಯಲ್ಲ."

"ಅವರ ಅಪಾಯಿಂಟ್‌ಮೆಂಟ್ ಆರ್ಡರ್ ಯಾವ ವರ್ಷದ್ದು?"

ಆ ಕಡೆ ಸ್ವಲ್ಪ ಹೊತ್ತು ಮೌನ. "ಆರ್ಡರ್ ಅಂತ ಏನೂ ಕೊಟ್ಟಿಲ್ಲ ಸಾರ್. ನಮ್ಮಲ್ಲಿ ಎಲ್ಲಾ ಒಂದು ಫ್ಯಾಮಿಲಿ ಥರ."

ಈ 'ಫ್ಯಾಮಿಲಿ ಥರ' ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಬೆನ್ನಲ್ಲಿ ಸಣ್ಣಗೆ ಚಳಿ ಹುಟ್ಟುತ್ತೆ. ಮನೆ ಮಗಳನ್ನ ಯಾರೂ ರಾತ್ರಿ ಹತ್ತೂವರೆಗೆ ವಾಟ್ಸಾಪಿನಲ್ಲಿ ಮನೆಯಿಂದ ಕಳಿಸೋದಿಲ್ಲವಲ್ಲ!

ಮುಂದೆ ಹೋಗೋ ಮುಂಚೆ ನನ್ನ ಪರಿಚಯ ಹೇಳಿಬಿಡ್ತೀನಿ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲ. ಸುಮಾರು ಇಪ್ಪತ್ತು ವರ್ಷದಿಂದ ಹೆಚ್ಚಾಗಿ ಮಾಡಿರೋದು ನೌಕರಿಗೆ ಸಂಬಂಧಪಟ್ಟ ಕೇಸುಗಳನ್ನೇ. ಅದರಲ್ಲೂ ಮಾಲೀಕರ ಪರ. ಒಂದೆರಡು ಅಕ್ಕಿ ಗಿರಣಿ, ಒಂದು ಸಹಕಾರ ಸಂಘ, ಮಿಕ್ಕಿದ್ದೆಲ್ಲ ಶಾಲೆಗಳು. ಶಾಲೆ ಅಂದ್ರೆ 'ಪಬ್ಲಿಕ್ ಸ್ಕೂಲ್'ಗಳು. ನಮ್ಮ ಕಡೆ ಬೋರ್ಡಿನ ಮೇಲೆ ಪಬ್ಲಿಕ್ ಅಂತ ಇದ್ರೆ ಅದು ಖಾಸಗಿ ಅಂತ ಅರ್ಥ, ಇದು ನಿಮಗೂ ಗೊತ್ತು. ಸರ್ಕಾರವೇ 'ಕರ್ನಾಟಕ ಪಬ್ಲಿಕ್ ಸ್ಕೂಲ್' ಶುರು ಮಾಡಿದ ಮೇಲೆ ನನ್ನ ಕಕ್ಷಿದಾರರಿಗೆ ಸ್ವಲ್ಪ ಬೇಜಾರಾಗಿದೆ, ಹೆಸರು ಕದ್ದರು ಅಂತ :-)

ಮೇಷ್ಟ್ರುಗಳ ವಿರುದ್ಧ ವಕಾಲತ್ತು ಹಾಕ್ತೀಯಲ್ಲೋ ಅಂತ ನನ್ನ ಗೆಳೆಯರು ಆಗಾಗ ಚುಚ್ಚುತ್ತಾರೆ. ನನ್ನ ಅಪ್ಪನೂ ಮೇಷ್ಟ್ರೇ. ಅವರು ಚುಚ್ಚಲಿಲ್ಲ, ಒಂದೇ ಒಂದು ಸಲ ಕೇಳಿದರು, "ಸಂಬಳ ಸರಿಯಾಗಿ ಕೊಡ್ತಾರೇನೋ ಅವರು?" ಅಂತ. ನನ್ನ ಫೀಸಿನ ಬಗ್ಗೆ ಕೇಳ್ತಿದ್ದಾರೆ ಅಂದ್ಕೊಂಡು "ಹೂಂ, ಕೊಡ್ತಾರೆ" ಅಂದಿದ್ದೆ. ಅವರು ಕೇಳಿದ್ದು ಮೇಷ್ಟ್ರುಗಳ ಸಂಬಳದ ಬಗ್ಗೆ ಅಂತ ಎಷ್ಟೋ ದಿನದ ಮೇಲೆ ಹೊಳೀತು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಕಾನೂನಿನಲ್ಲಿ ಮೇಷ್ಟ್ರ ಸ್ಥಾನ ಬಹಳ ವಿಚಿತ್ರವಾದದ್ದು. 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದಿಂದ ಬೆಂಗಳೂರು ಜಲಮಂಡಳಿಯ ಕೇಸಿನಲ್ಲಿ ಒಂದು ದೊಡ್ಡ ತೀರ್ಪು ಬಂತು. ಕೃಷ್ಣ ಅಯ್ಯರ್ ಅವರು ಬರೆದದ್ದು. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 'ಕೈಗಾರಿಕೆ' ಅಂದ್ರೆ ಬರೀ ಹೊಗೆ ಉಗುಳೋ ಕಾರ್ಖಾನೆ ಅಲ್ಲ, ಆಸ್ಪತ್ರೆ, ಶಿಕ್ಷಣ ಸಂಸ್ಥೆ ಎಲ್ಲಾ ಅದರೊಳಗೆ ಬರುತ್ತೆ ಅಂತ. ಸರಿ, ಶಾಲೆ ಕೈಗಾರಿಕೆ ಆಯ್ತು. ಹತ್ತು ವರ್ಷದ ಮೇಲೆ, 1988ರಲ್ಲಿ, ಗೋವಾದ ಒಬ್ಬ ಶಿಕ್ಷಕಿಯ ಕೇಸು ಅಲ್ಲಿಗೇ ಹೋಯ್ತು. ಕೆಲಸದಿಂದ ತೆಗೆದಿದ್ದರು, ಆಕೆ ಲೇಬರ್ ಕೋರ್ಟಿನ ಬಾಗಿಲು ಕೇಳಿದ್ದರು. ತೀರ್ಪು ಬರೆದವರು ನಮ್ಮವರೇ ಆದ ಇ.ಎಸ್. ವೆಂಕಟರಾಮಯ್ಯನವರು, ಮರುವರ್ಷ ಮುಖ್ಯ ನ್ಯಾಯಮೂರ್ತಿ ಆದವರು. ಶಾಲೆ ಕೈಗಾರಿಕೆ ಹೌದು, ಆದ್ರೆ ಮೇಷ್ಟ್ರು 'ಕಾರ್ಮಿಕ' ಅಲ್ಲ ಅಂತ ಅವರು ತೀರ್ಮಾನಿಸಿದರು. ಯಾಕೆ? ಪಾಠ ಮಾಡೋದು ಕೈಕೆಲಸ ಅಲ್ಲ, ಗುಮಾಸ್ತಿಕೆ ಅಲ್ಲ, ಮೇಲ್ವಿಚಾರಣೆ ಅಲ್ಲ, ತಾಂತ್ರಿಕ ಕೆಲಸವೂ ಅಲ್ಲ, ಅದೊಂದು ಉದಾತ್ತವಾದ ವೃತ್ತಿ ಅಂತ.

ಇದರ ಅರ್ಥ ಏನಾಯ್ತು ಗೊತ್ತಾ? ಶಾಲೆಯ ಅಟೆಂಡರನ್ನ, ಬಸ್ ಡ್ರೈವರನ್ನ ತೆಗೆದರೆ ಅವರು ಲೇಬರ್ ಕೋರ್ಟಿಗೆ ಹೋಗಬಹುದು. ಅದೇ ಶಾಲೆಯ ಮೇಷ್ಟ್ರು ಹೋಗೋ ಹಾಗಿಲ್ಲ. ಉದಾತ್ತ ನೋಡಿ, ಅದಕ್ಕೆ!

ನಾನು ಆ ತೀರ್ಪನ್ನ ದೂರೋದಿಲ್ಲ. ಆ ಕಾಯ್ದೆಯ ಪದಗಳೇ ಹಾಗಿದ್ದವು. ಆದ್ರೆ ಆ ಹೊಗಳಿಕೆಯನ್ನ ನಮ್ಮಂಥ ಮಾಲೀಕರ ವಕೀಲರು ಏನು ಮಾಡಿದೆವು ಅನ್ನೋದು ಬೇರೆ ಕಥೆ. ನನ್ನ ಕಥೆಯನ್ನೇ ಹೇಳ್ತೀನಿ.

2006. ನಾನು ಸೀನಿಯರ್ ಆಫೀಸು ಬಿಟ್ಟು ಸ್ವಂತ ಬೋರ್ಡು ಹಾಕಿಕೊಂಡು ಒಂದು ವರ್ಷ ಆಗಿತ್ತು. ಒಂದು ಅನುದಾನರಹಿತ ಶಾಲೆಯವರು ಬಂದರು. ಅವರಲ್ಲಿ 22 ವರ್ಷ ಕೆಲಸ ಮಾಡಿ ಹಿಂದಿನ ವರ್ಷ ನಿವೃತ್ತರಾದ ಪ್ರೈಮರಿ ಟೀಚರ್ ಒಬ್ಬರು ಗ್ರಾಚ್ಯುಟಿ ಕೇಳಿ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿದ್ದರು. ಕೊನೆಯ ಸಂಬಳ 6,500 ರೂಪಾಯಿ. ಗ್ರಾಚ್ಯುಟಿ ಲೆಕ್ಕ ಸುಲಭ, ಕೊನೆಯ ತಿಂಗಳ ಸಂಬಳವನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಮತ್ತೆ ಗುಣಿಸೋದು. 82,500 ಬರುತ್ತೆ. ಶಾಲೆಗೆ ಅದು ಆ ಕಾಲಕ್ಕೂ ಪ್ರಾಣ ಹೋಗೋವಂಥ ಮೊತ್ತ ಏನಲ್ಲ. ಆದ್ರೆ ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಲ್ಲ ಅನ್ನೋ ಹೆದರಿಕೆ.

ನನ್ನ ಕೈಯಲ್ಲಿ ಬ್ರಹ್ಮಾಸ್ತ್ರ ಇತ್ತು. 2004ರ ಜನವರಿಯಲ್ಲಿ ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟು ಗ್ರಾಚ್ಯುಟಿ ಕಾಯ್ದೆಯ 'ಉದ್ಯೋಗಿ' ಅನ್ನೋ ವ್ಯಾಖ್ಯೆಯೊಳಗೆ ಶಿಕ್ಷಕರು ಬರೋದಿಲ್ಲ ಅಂದಿತ್ತು. 1997ರ ಏಪ್ರಿಲ್ 3ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಶಿಕ್ಷಣ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯ ಅಂತ ಮಾಡಿತ್ತು ನಿಜ. ಸಂಸ್ಥೆ ಒಳಗೆ ಬಂತು, ಮೇಷ್ಟ್ರು ಹೊರಗೆ ಉಳಿದರು. ಮತ್ತೆ ಅದೇ ಕಾರಣ. ವ್ಯಾಖ್ಯೆಯಲ್ಲಿ ಕುಶಲ, ಅರೆಕುಶಲ, ಅಕುಶಲ, ಕೈಕೆಲಸ, ಮೇಲ್ವಿಚಾರಣೆ, ತಾಂತ್ರಿಕ, ಗುಮಾಸ್ತಿಕೆ ಅಂತ ಪಟ್ಟಿ ಇತ್ತು, ಪಾಠ ಅನ್ನೋದು ಇರಲಿಲ್ಲ. ಶಿಕ್ಷಕರಿಗಾಗಿ ಬೇರೆ ಶಾಸನ ಮಾಡೋ ಬಗ್ಗೆ ಶಾಸಕಾಂಗ ಯೋಚಿಸಲಿ ಅಂತ ಕೋರ್ಟು ಕೊನೆಯಲ್ಲಿ ಹೇಳಿತ್ತು. ಆ ಕೊನೆಯ ಭಾಗವನ್ನ ನಾನು ಓದಿ ಹೇಳಲಿಲ್ಲ. ಅದು ನನ್ನ ಕೆಲಸ ಅಲ್ಲ ಅಂತ ಅಂದ್ಕೊಂಡೆ.

ಅಧಿಕಾರಿಗಳ ಮುಂದೆ ಹತ್ತು ನಿಮಿಷ ವಾದ. ಅರ್ಜಿ ವಜಾ. ಆಕೆ ವಕೀಲರನ್ನೂ ಇಟ್ಟುಕೊಂಡಿರಲಿಲ್ಲ, ತಾವೇ ಬಂದಿದ್ದರು. ಸೀರೆಯ ಸೆರಗು ಹೊದ್ದು, ಹಳೇ ವ್ಯಾನಿಟಿ ಬ್ಯಾಗಿನಲ್ಲಿ ಹಾಜರಿ ಪುಸ್ತಕದ ಜೆರಾಕ್ಸ್ ಇಟ್ಟುಕೊಂಡು. ಹೊರಗೆ ಕಾರಿಡಾರಿನಲ್ಲಿ ನನ್ನ ಹತ್ತಿರ ಬಂದರು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ.

"ನಿಂಗೆಷ್ಟು ವಯಸ್ಸಪ್ಪಾ?" ಅಂದರು. ಹೇಳಿದೆ. "ಚೆನ್ನಾಗಿ ಮಾತಾಡ್ದೆ. ಆದ್ರೆ ನಂಗೊಂದು ಅರ್ಥ ಆಗ್ಲಿಲ್ಲ. ಕುಶಲ ಕೆಲಸಾನೂ ಅಲ್ಲ, ಅಕುಶಲ ಕೆಲಸಾನೂ ಅಲ್ಲ, ಅರೆಬರೆನೂ ಅಲ್ಲ ಅಂದ್ಯಲ್ಲ. ಹಾಗಾದ್ರೆ ಇಪ್ಪತ್ತೆರಡು ವರ್ಷ ನಾನು ಮಾಡಿದ್ದೇನಪ್ಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನು ಹಾಗಿದೆ ಮೇಡಂ ಅಂದೆ. ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಸಂಜೆ ಶಾಲೆಯವರು ಹಣ್ಣಿನ ಬುಟ್ಟಿ ಕಳಿಸಿದ್ದರು.

2009ರ ಕೊನೆಯ ದಿನ ರಾಷ್ಟ್ರಪತಿಗಳ ಅಂಕಿತ ಬಿದ್ದು ಗ್ರಾಚ್ಯುಟಿ ಕಾಯ್ದೆಗೆ ತಿದ್ದುಪಡಿ ಬಂತು. ಯಾವುದೇ ಥರದ ಕೆಲಸ ಮಾಡೋರೂ ಉದ್ಯೋಗಿಗಳೇ ಅಂತ ವ್ಯಾಖ್ಯೆ ಬದಲಾಯಿಸಿ, ಅದನ್ನ 1997ರ ಏಪ್ರಿಲ್ 3ರಿಂದಲೇ ಜಾರಿ ಅಂದರು. ಹಳೆಯ ತೀರ್ಪು, ಆದೇಶ ಏನೇ ಇರಲಿ ಗ್ರಾಚ್ಯುಟಿ ಕೊಡಬೇಕು ಅಂತ 13-ಎ ಅನ್ನೋ ಹೊಸ ಕಲಮನ್ನೂ ಸೇರಿಸಿದರು. ನಾನು ಶಾಲೆಗೆ ಕಾಗದ ಬರೆದೆ. ಅವರು ಬೆಂಗಳೂರಿನ ಯಾರನ್ನೋ ಕೇಳಿ, 'ತಿದ್ದುಪಡಿಯನ್ನೇ ಪ್ರಶ್ನೆ ಮಾಡಿ ಕೇಸು ಹಾಕಿದ್ದಾರಂತೆ, ಕಾಯೋಣ' ಅಂದರು. ಕಾಯೋದು ಮಾಲೀಕರಿಗೆ ಯಾವತ್ತೂ ಕಷ್ಟ ಅಲ್ಲ. ಖಾಸಗಿ ಶಾಲೆಗಳ ಆ ತಕರಾರು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಗಿದ್ದು 2022ರ ಆಗಸ್ಟ್ 29ಕ್ಕೆ. ತಿದ್ದುಪಡಿ ಸರಿಯಾಗೇ ಇದೆ, ಆರು ವಾರದೊಳಗೆ ಬಡ್ಡಿ ಸೇರಿಸಿ ಕೊಡಿ ಅಂತ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. 82,500ಕ್ಕೆ ವರ್ಷಕ್ಕೆ ನೂರಕ್ಕೆ ಹತ್ತರಂತೆ 17 ವರ್ಷದ ಸರಳ ಬಡ್ಡಿಯೇ 1,40,250. ಅಸಲಿಗಿಂತ ಬಡ್ಡಿ ಜಾಸ್ತಿ! ಆ ಹಣ್ಣಿನ ಬುಟ್ಟಿ ಬಹಳ ದುಬಾರಿ ಬಿತ್ತು ಶಾಲೆಗೆ.

ಈ ಸಲ ನಾನು ಕಾಗದ ಬರೆಯಲಿಲ್ಲ, ಅಧ್ಯಕ್ಷರ ಮನೆಗೇ ಹೋಗಿ ಕೂತೆ. ಹಳೇ ಅಧ್ಯಕ್ಷರು ಹೋಗಿ ಮಗ ಬಂದಿದ್ದರು. ಒಂದಷ್ಟು ಚೌಕಾಸಿ ಆದ ಮೇಲೆ ಒಪ್ಪಿದರು. ಟೀಚರಮ್ಮನಿಗೆ ಎಪ್ಪತ್ತೈದು, ಮಗನ ಮನೆಯಲ್ಲಿದ್ದರು. ಅವರೇ ಬಂದರು. ನನ್ನ ಆಫೀಸಿನಲ್ಲೇ ಚೆಕ್ಕು ಕೊಟ್ಟಿದ್ದು. ರಶೀದಿ ಓದಿದರು. ನನ್ನ ಟೈಪಿಸ್ಟು 'ಸ್ವೀಕರಿಸಿರುತ್ತೇನೆ' ಅನ್ನೋ ಕಡೆ 'ಸ್ವಿಕರಿಸಿರುತ್ತೇನೆ' ಅಂತ ಹೊಡೆದಿದ್ದ. ಪೆನ್ನು ಇಸ್ಕೊಂಡು ಅದನ್ನ ತಿದ್ದಿ, ಆಮೇಲೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿದರು. ನನ್ನನ್ನ ಗುರುತು ಹಿಡಿದರೋ ಇಲ್ಲವೋ ಗೊತ್ತಿಲ್ಲ. ಕೇಳೋಕೆ ಧೈರ್ಯ ಬರಲಿಲ್ಲ.

ಗುರುಗಳನ್ನ ದೇವರು ಅನ್ನೋದು, ಸೆಪ್ಟೆಂಬರ್ ಐದಕ್ಕೆ ಶಾಲು ಹೊದಿಸೋದು, ಇದೆಲ್ಲ ನಮ್ಮಂಥ ಮಾಲೀಕರ ಕಡೆಯವರಿಗೆ ಬಹಳ ಅನುಕೂಲ. ದೇವರಿಗೆ ಗ್ರಾಚ್ಯುಟಿ ಬೇಡ, ರಜೆ ಬೇಡ, ನೇಮಕಾತಿ ಆದೇಶ ಬೇಡ. 'ನೀವು ಉದಾತ್ತರು' ಅಂತ ಹೇಳಿ ಕಾನೂನಿನ ಚಾವಡಿಯಿಂದ ಹೊರಗೆ ಕೂರಿಸಿಬಿಡಬಹುದು. ಮೇಷ್ಟ್ರನ್ನ ಮೊದಲು ನೌಕರ ಅಂತ ಒಪ್ಪಿಕೊಳ್ಳಿ, ಶಾಲು ಆಮೇಲೆ. ಇದನ್ನ ಮೇಷ್ಟ್ರುಗಳ ಸಂಘದವರು ಹೇಳಿದರೆ ಮಾಮೂಲು. ಎದುರು ಪಕ್ಷದಲ್ಲಿ ನಿಂತು ಫೀಸು ತಗೊಂಡ ನಾನು ಹೇಳ್ತಿದ್ದೀನಿ.

ನನ್ನ ಕಕ್ಷಿದಾರರ ಲಾಭದ ದೃಷ್ಟಿಯಿಂದಲೇ ನೋಡಿದರೂ ಇದೇ ಸರಿ. ಖಾಸಗಿ ಶಾಲೆಯ ಮೇಷ್ಟ್ರಿಗೆ ಲೇಬರ್ ಕೋರ್ಟು ಇಲ್ಲ ಅಂದ ಮಾತ್ರಕ್ಕೆ ಬೇರೇನೂ ಇಲ್ಲ ಅಂತಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದೆ (ಹೆಸರು 1983, ಜಾರಿಗೆ ಬಂದದ್ದು 1995ರಲ್ಲಿ. ನಮ್ಮ ಕಾನೂನುಗಳು ಶಾಲೆಗೆ ತಡವಾಗೇ ಬರೋದು). ಅದರ 92ನೇ ಕಲಂ ಪ್ರಕಾರ ವಿಚಾರಣೆ ನಡೆಸದೆ ಯಾರನ್ನೂ ವಜಾ ಮಾಡೋ ಹಾಗಿಲ್ಲ. ಮಾಡಿದರೆ 94ನೇ ಕಲಂ ಪ್ರಕಾರ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಹೆಸರು ಉದ್ದ, ಕೂರೋರು ಜಿಲ್ಲಾ ನ್ಯಾಯಾಧೀಶರೇ.

ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಹಾಕಿದ್ದ ಕೇಸು 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಮುಂದೆ ತೀರ್ಮಾನ ಆಯ್ತಲ್ಲ, ಅದನ್ನ ಎಲ್ಲರೂ ಸೀಟು, ಫೀಸು, ಕ್ಯಾಪಿಟೇಶನ್ ವಿಷಯಕ್ಕೆ ನೆನಪಿಟ್ಟುಕೊಂಡಿದ್ದಾರೆ. ಅದರಲ್ಲೇ ನೌಕರರ ವಿಷಯವೂ ಇದೆ. ಮೇಷ್ಟ್ರ ಮೇಲೆ ಕ್ರಮ ತಗೊಳ್ಳೋಕೆ ಸರ್ಕಾರದ ಮುಂಚಿತ ಅನುಮತಿ ಬೇಕಿಲ್ಲ ಅಂತ ಕೋರ್ಟು ಮಾಲೀಕರಿಗೆ ಸ್ವಾತಂತ್ರ್ಯ ಕೊಟ್ಟಿತು, ಜೊತೆಗೇ ಜಿಲ್ಲೆಗೊಂದು ನ್ಯಾಯಾಧಿಕರಣ ಇರಲಿ ಅಂತಲೂ ಹೇಳಿತು. ನನ್ನ ಕಕ್ಷಿದಾರರಿಗೆ ಮೊದಲರ್ಧ ಬಾಯಿಪಾಠ. ಎರಡನೇ ಅರ್ಧ ಸಿಲಬಸ್ಸಿನಲ್ಲಿ ಇಲ್ಲ.

2013ರಲ್ಲಿ ಒಂದು ಶಾಲೆಯವರು ಪಿ.ಟಿ. ಮೇಷ್ಟ್ರನ್ನ ಒಂದೇ ದಿನದಲ್ಲಿ ಮನೆಗೆ ಕಳಿಸಿದರು. ಆತ ಒಬ್ಬ ಹುಡುಗನಿಗೆ ಹೊಡೆದಿದ್ದ. ನಿಜವಾಗಿಯೂ ಹೊಡೆದಿದ್ದ, ಕೈಮೇಲೆ ಬಾಸುಂಡೆ ಬಂದಿದ್ದನ್ನ ಹೆಡ್ಮಾಸ್ಟರೇ ನೋಡಿದ್ದರು. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಇದಕ್ಕಿಂತ ಗಟ್ಟಿ ಕೇಸು ಮಾಲೀಕರಿಗೆ ಸಿಗುತ್ತಾ? ಆದ್ರೆ ಅವರು ಶೋಕಾಸ್ ನೋಟಿಸ್ ಕೊಡಲಿಲ್ಲ, ಆರೋಪ ಬರೆಯಲಿಲ್ಲ, ವಿಚಾರಣೆ ಮಾಡಲಿಲ್ಲ. ನನ್ನ ಹತ್ತಿರ ಬಂದಿದ್ದು ಆತನ ಮೇಲ್ಮನವಿಯ ನೋಟಿಸ್ ಬಂದ ಮೇಲೆ.

"ಆತ ನಮ್ಮ ನೌಕರನೇ ಅಲ್ಲ ಅಂತ ಹೇಳಿಬಿಡಿ ಸಾರ್, ಆರ್ಡರ್ ಕೊಟ್ಟಿಲ್ಲವಲ್ಲ" ಅಂದರು. ಆತನ ಕಡೆಯ ವಕೀಲರು ನಗ್ತಾ ಒಂದು ಕಾಗದ ಹಾಜರುಪಡಿಸಿದರು. ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರದ ಚುನಾವಣೆ ಇರುತ್ತಲ್ಲ, ಅದರ ಮತದಾರರ ಪಟ್ಟಿಗೆ ಸೇರೋಕೆ ಸಂಸ್ಥೆಯ ಮುಖ್ಯಸ್ಥರು ಸೇವಾ ಪ್ರಮಾಣಪತ್ರ ಕೊಡಬೇಕು. ಆರ್ಡರ್ ಕೊಡದ ಅದೇ ಶಾಲೆ, ಅಧ್ಯಕ್ಷರ ನೆಂಟರೊಬ್ಬರು ಅಭ್ಯರ್ಥಿಯ ಕಡೆ ಓಡಾಡ್ತಿದ್ದರು ಅಂತ, ಎಲ್ಲಾ ಮೇಷ್ಟ್ರಿಗೂ ಸೀಲು ಹಾಕಿ ಪ್ರಮಾಣಪತ್ರ ಕೊಟ್ಟಿತ್ತು! ಆಮೇಲೆ ನಾನು ವಾದ ಮಾಡೋದು ಏನಿತ್ತು? ಫ್ಯಾನು ನೋಡ್ತಾ ನಿಂತಿದ್ದೆ.

2017ರಲ್ಲಿ ಆದೇಶ ಬಂತು. ಕೆಲಸಕ್ಕೆ ವಾಪಸ್, ಅರ್ಧ ಹಿಂಬಾಕಿ ಸಂಬಳ. ತಿಂಗಳಿಗೆ 9,000ದ ಹಾಗೆ 48 ತಿಂಗಳು, ಅದರಲ್ಲಿ ಅರ್ಧ ಅಂದ್ರೆ 2,16,000. ನಿವೃತ್ತ ಹೆಡ್ಮಾಸ್ಟರೊಬ್ಬರನ್ನ ವಿಚಾರಣಾಧಿಕಾರಿ ಮಾಡಿ, ಟೀ ಬಿಸ್ಕತ್ತು ಸಮೇತ ವಿಚಾರಣೆ ಮುಗಿಸಿದ್ದರೆ ಹದಿನೈದು ಸಾವಿರದಲ್ಲಿ ಆಗ್ತಿತ್ತು. ದುಡ್ಡು ಹಾಳಾಗಲಿ ಬಿಡಿ. ಆ ಹುಡುಗ ಏನಾಯ್ತು ಅಂತ ಒಂದೇ ಒಂದು ಕಾಗದದ ಮೇಲೆ ಹೇಳಲೇ ಇಲ್ಲ. ಯಾರೂ ಕೇಳಲೇ ಇಲ್ಲ. ನಾಲ್ಕು ವರ್ಷ ಕೇಸು ನಡೆದದ್ದು ನೋಟಿಸ್ ಕೊಟ್ಟಿರೋ ಬಗ್ಗೆ, ಆರ್ಡರ್ ಇರೋ ಬಗ್ಗೆ. ಹೊಡೆದ ಬಗ್ಗೆ ಅಲ್ಲ. ಮೇಷ್ಟ್ರು ಅದೇ ಮೈದಾನಕ್ಕೆ ಸೀಟಿ ಹಿಡಿದು ವಾಪಸ್ ಬಂದಾಗ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದ.

ವಿಚಾರಣೆ ಅನ್ನೋದು ಮೇಷ್ಟ್ರನ್ನ ಉಳಿಸೋಕೆ ಇರೋ ನಾಟಕ ಅಂತ ಆಡಳಿತ ಮಂಡಳಿಯವರು ತಿಳ್ಕೊಂಡಿದ್ದಾರೆ. ಮಗುವಿನ ಮಾತನ್ನ ದಾಖಲಿಸೋ ಜಾಗವೂ ಅದೊಂದೇ ಅಂತ ಅವರಿಗೆ ಹೇಗೆ ಹೇಳೋದು?

ನನ್ನ ಕೇಸಿನಲ್ಲಿ ಅರ್ಧ ಸಂಬಳಕ್ಕೆ ಮುಗಿದದ್ದು ಅದೃಷ್ಟ. ಅದೇ 2013ರಲ್ಲಿ ಔರಂಗಾಬಾದಿನ ಒಬ್ಬ ಶಿಕ್ಷಕಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಪೂರ್ತಿ ಹಿಂಬಾಕಿ ಕೊಡಿಸಿತು. ಆ ಕೇಸು ಹುಟ್ಟಿದ ರೀತಿ ಓದಿದರೆ ನಗಬೇಕೋ ಅಳಬೇಕೋ ತಿಳಿಯೋಲ್ಲ. ನಗರಪಾಲಿಕೆಯವರು ಕಟ್ಟಡದ ತೆರಿಗೆ ಏರಿಸಿದರು ಅಂತ ಆಡಳಿತದವರು ಸಿಬ್ಬಂದಿಯಿಂದ ತಿಂಗಳಿಗೆ 1,500 ರೂಪಾಯಿ ವಂತಿಗೆ ಕೇಳಿದರು. ಆಕೆ ಕೊಡೋಲ್ಲ ಅಂದರು. ಮುಂದೆ ಅಮಾನತು, ಆಮೇಲೆ ವಜಾ. ತಪ್ಪಾಗಿ ತೆಗೆದವರು ಮಾಲೀಕರು ಅಂದ ಮೇಲೆ ಸಂಬಳ ಯಾಕೆ ಕೊಡಬಾರದು ಅಂತ ತೋರಿಸೋ ಹೊಣೆಯೂ ಅವರದ್ದೇ ಅನ್ನೋ ಧಾಟಿಯ ತೀರ್ಪು. ಅದನ್ನ ಜೆರಾಕ್ಸ್ ಮಾಡಿಸಿ ನನ್ನ ಎಲ್ಲಾ ಶಾಲೆಗಳಿಗೂ ಕೊಟ್ಟಿದ್ದೀನಿ. ಓದಿದವರು ಇಬ್ಬರು ಇರಬಹುದು.

ಓದದೆ ಇರೋದಕ್ಕೆ ಕಾರಣ ಇದೆ. ಶಾಲೆಗಳ ಬೀರುವಿನಲ್ಲಿ ಬೇರೆ ಕಾಗದಗಳಿವೆ. ಕೆಲಸಕ್ಕೆ ಸೇರೋ ದಿನವೇ ದಿನಾಂಕ ಹಾಕದೆ ಸಹಿ ಮಾಡಿಸಿಕೊಂಡ ರಾಜೀನಾಮೆ ಪತ್ರ. ಡಿ.ಎಡ್., ಬಿ.ಎಡ್. ಒರಿಜಿನಲ್ ಅಂಕಪಟ್ಟಿ. ಒಂದು ಮೊತ್ತಕ್ಕೆ ಸಹಿ, ಕೈಗೆ ಇನ್ನೊಂದು ಮೊತ್ತ. ಜೂನ್‌ನಿಂದ ಮಾರ್ಚ್‌ವರೆಗೆ ನೇಮಕ, ಏಪ್ರಿಲ್ ಮೇ ಸಂಬಳ ಇಲ್ಲ, ಮತ್ತೆ ಜೂನ್‌ನಲ್ಲಿ 'ಹೊಸದಾಗಿ' ಸೇರೋದು. ಎಲ್ಲಾ ಶಾಲೆ ಹೀಗೆ ಅಂತ ನಾನು ಹೇಳ್ತಿಲ್ಲ. ನನ್ನದೇ ಎರಡು ಶಾಲೆಗಳಲ್ಲಿ ಸೇವಾ ಪುಸ್ತಕ ಎಷ್ಟು ಚಂದ ಇಟ್ಟಿದ್ದಾರೆ ಅಂದ್ರೆ ಸರ್ಕಾರಿ ಕಚೇರಿಯವರು ಬಂದು ನೋಡಬೇಕು. ಆ ಎರಡು ಶಾಲೆಗಳಿಂದ ನನಗೆ ಹತ್ತು ವರ್ಷದಲ್ಲಿ ಒಂದೂ ಕೇಸು ಬಂದಿಲ್ಲ. ವಕೀಲನ ಹೊಟ್ಟೆಪಾಡಿಗೆ ಅದು ನಷ್ಟವೇ.

ಮಾಲೀಕರ ಕಷ್ಟವನ್ನೂ ಹೇಳದಿದ್ದರೆ ನಾನು ತಿಂದ ಮನೆಗೆ ಎರಡು ಬಗೆದ ಹಾಗಾಗುತ್ತೆ. ಇನ್ನೂರು ಮಕ್ಕಳ ಶಾಲೆ, ಅರ್ಧ ಜನರ ಫೀಸು ಬಾಕಿ, ಬಸ್ಸಿನ ಇನ್ಶೂರೆನ್ಸು, ಮಾನ್ಯತೆ ನವೀಕರಣಕ್ಕೆ ಓಡಾಟ. ಒಬ್ಬ ಮೇಷ್ಟ್ರು ನಿಜವಾಗಿಯೂ ಪಾಠ ಮಾಡದೆ ಇದ್ದರೆ ಏನು ಮಾಡಬೇಕು ಅವರು? ಇದಕ್ಕೆ ನನ್ನ ಉತ್ತರ, ತೆಗೀರಿ ಸ್ವಾಮಿ, ಯಾರು ಬೇಡ ಅಂದರು. ನೇಮಿಸುವಾಗ ಕಾಗದ ಕೊಡಿ, ತಪ್ಪು ಮಾಡಿದಾಗ ಅವತ್ತೇ ಮೆಮೊ ಕೊಡಿ, ಉತ್ತರ ತಗೊಳ್ಳಿ, ಕೇಳಿ, ಆಮೇಲೆ ತೆಗೀರಿ. ಮೂರು ವರ್ಷ ಒಂದು ಮೆಮೊ ಇಲ್ಲದೆ, ವಾರ್ಷಿಕೋತ್ಸವದಲ್ಲಿ ಸನ್ಮಾನ ಮಾಡಿ, ನಾಲ್ಕನೇ ವರ್ಷ 'ಈತ ಮೊದಲಿಂದಲೂ ಹೀಗೇ' ಅಂದರೆ ಯಾವ ನ್ಯಾಯಾಧೀಶರು ನಂಬ್ತಾರೆ?

ಇನ್ನು ಸರ್ಕಾರ. ಖಾಸಗಿಯವರಿಗೆ ಬುದ್ಧಿ ಹೇಳಬೇಕಾದ ಸರ್ಕಾರವೇ ತನ್ನ ಶಾಲೆಗಳಲ್ಲಿ ಪ್ರತಿ ಜೂನ್‌ನಲ್ಲಿ ಅತಿಥಿ ಶಿಕ್ಷಕರನ್ನ ತಗೊಂಡು ಗೌರವಧನ ಕೊಡುತ್ತೆ. ಅತಿಥಿ! ವರ್ಷಗಟ್ಟಲೆ ಅದೇ ಶಾಲೆಗೆ ಬಂದು ಅದೇ ಪಾಠ ಮಾಡೋ ಅತಿಥಿ. ಕಾಯಂ ಮಾಡಿ ಅಂದರೆ ಉಮಾದೇವಿ ತೀರ್ಪು ತೋರಿಸ್ತಾರೆ. 2006ರ ಏಪ್ರಿಲ್‌ನ ಆ ತೀರ್ಪು ನಮ್ಮ ರಾಜ್ಯದ್ದೇ ಕೇಸು, ಹಿಂಬಾಗಿಲಿನಿಂದ ಬಂದವರನ್ನ ಕಾಯಂ ಮಾಡಬಾರದು ಅನ್ನೋದು ಅದರ ಸಾರ. ಹಿಂಬಾಗಿಲು ತೆರೆದಿಟ್ಟಿದ್ದು ಯಾರು ಅಂತ ಯಾರೂ ಕೇಳಲಿಲ್ಲ ಬಹಳ ವರ್ಷ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗದ ಕಸ ಗುಡಿಸೋರ, ತೋಟ ನೋಡಿಕೊಳ್ಳೋರ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಉಮಾದೇವಿಯನ್ನ ದುಡಿಯೋರ ಮೇಲೆ ಆಯುಧ ಮಾಡ್ಕೋಬೇಡಿ ಅಂತ ಸರ್ಕಾರಗಳಿಗೆ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಕೇಸಿನಲ್ಲಂತೂ, ಗುರುವನ್ನ ದೇವರಿಗೆ ಹೋಲಿಸೋ ಶ್ಲೋಕ ಹೇಳಿಕೊಂಡಿದ್ದರೆ ಸಾಲದು, ನಂಬಿದ್ದರೆ ನಡೆಸಿಕೊಳ್ಳೋ ರೀತಿಯಲ್ಲಿ ಕಾಣಬೇಕು ಅನ್ನೋ ಅರ್ಥದ ಮಾತು ಬಂತು. ಅದನ್ನ ಓದಿದಾಗ ನನಗೆ ಆ ಕಾರಿಡಾರು ನೆನಪಾಯ್ತು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಕೈಗಾರಿಕಾ ವಿವಾದ ಕಾಯ್ದೆ, ಗ್ರಾಚ್ಯುಟಿ ಕಾಯ್ದೆ ಎರಡರ ಜಾಗದಲ್ಲೂ ಈಗ ಸಂಹಿತೆಗಳೇ. ಗ್ರಾಚ್ಯುಟಿ ವಿಷಯದಲ್ಲಿ ವ್ಯಾಖ್ಯೆ ಅಗಲವಾಗೇ ಇದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯೋದು ತಪ್ಪಿ ಒಂದು ವರ್ಷಕ್ಕೇ ಹಕ್ಕು ಬರುತ್ತೆ. ನನ್ನ ಜೂನ್‌ನಿಂದ ಮಾರ್ಚ್‌ನ ಕಕ್ಷಿದಾರರು ಆಗಲೇ ಫೋನ್ ಮಾಡಿ 'ಹತ್ತು ತಿಂಗಳು ಅಂದ್ರೆ ಒಂದು ವರ್ಷ ಆಗೋಲ್ಲವಲ್ಲ ಸಾರ್?' ಅಂತ ವಿಚಾರಿಸಿದ್ದಾರೆ. ವರ್ಷದಲ್ಲಿ 240 ದಿನ ದುಡಿದರೆ ಅದು ಒಂದು ವರ್ಷದ ಸೇವೆ ಅನ್ನೋ ಲೆಕ್ಕ ಹಿಂದಿನಿಂದಲೂ ಇದೆ, ಕ್ಯಾಲೆಂಡರ್ ತಗೊಂಡು ಎಣಿಸಿ ಅಂತ ಹೇಳಿದ್ದೀನಿ. ಇದರ ಮೇಲೆ ಮುಂದೆ ಜಗಳ ಆಗೇ ಆಗುತ್ತೆ. ಆದ್ರೆ ಕೈಗಾರಿಕಾ ಸಂಬಂಧ ಸಂಹಿತೆಯ 'ಕಾರ್ಮಿಕ' ಅನ್ನೋ ವ್ಯಾಖ್ಯೆಯಲ್ಲಿ ಪಾಠ ಅನ್ನೋ ಪದ ಈಗಲೂ ಇಲ್ಲ. ಆ ವಿಷಯಕ್ಕೆ ಮೇಷ್ಟ್ರು ಇನ್ನೂ ಉದಾತ್ತರೇ.

ಆ ರಾತ್ರಿ ಲೆಟರ್ ಬರೆದುಕೊಡೋಲ್ಲ ಅಂದೆ. ಬೆಳಿಗ್ಗೆ ಫೈಲು ತಗೊಂಡು ಬನ್ನಿ ಅಂದೆ. ಕಾರ್ಯದರ್ಶಿಗಳು ಬಂದರು. ಫೈಲಿನಲ್ಲಿ ಒಂದು ಬಯೋಡೇಟಾ, ಎರಡು ಪಾಸ್‌ಪೋರ್ಟ್ ಫೋಟೋ, ಒರಿಜಿನಲ್ ಬಿ.ಎಡ್. ಅಂಕಪಟ್ಟಿ, ಅದರ ಕೆಳಗೆ ದಿನಾಂಕ ಇಲ್ಲದ ರಾಜೀನಾಮೆ. "ಇದಕ್ಕೆ ಡೇಟ್ ಹಾಕಿದ್ರೆ ಆಗುತ್ತಲ್ಲ ಸಾರ್?" ಅಂತ ತೋರಿಸಿದರು. ಅಂಕಪಟ್ಟಿಯನ್ನ ಇವತ್ತೇ ಅವರಿಗೆ ವಾಪಸ್ ಕೊಡಿ, ರಾಜೀನಾಮೆಯನ್ನ ನನ್ನ ಕಣ್ಣೆದುರಿಗೆ ಹರೀರಿ, ಆಮೇಲೆ ಗ್ರೂಪಿನಲ್ಲಿ ಬಂದ ದೂರನ್ನ ಒಬ್ಬ ಪೋಷಕರ ಕೈಲಿ ಬರೆಸಿಕೊಂಡು ಬನ್ನಿ, ನಾನೇ ನೋಟಿಸ್ ಬರೆದುಕೊಡ್ತೀನಿ ಅಂದೆ. ಅವರು ಫೈಲು ಮಡಚಿ ಕಂಕುಳಲ್ಲಿಟ್ಟುಕೊಂಡರು. "ಕಮಿಟಿಯಲ್ಲಿ ಕೇಳಿ ಹೇಳ್ತೀನಿ ಸಾರ್" ಅಂದರು.

ಹದಿನೈದು ದಿನ ಆಯ್ತು. ಫೋನು ಬಂದಿಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಅವರನ್ನ ಬೇರೆ ವಕೀಲರ ಜೊತೆ ನೋಡಿದೆ ಅಂತ ನನ್ನ ಜೂನಿಯರ್ ಹೇಳಿದ. ಮಿಸ್ ಇನ್ನೂ ಶಾಲೆಗೆ ಹೋಗ್ತಿದ್ದಾರಾ ಅಂತ ಅವನನ್ನ ಕೇಳಿದೆ. ಅವನ ಅಕ್ಕನ ಮಗಳು ಅದೇ ಶಾಲೆ. ಈ ವಾರ ಗಣಿತದ ಪೀರಿಯಡ್ಡಿನಲ್ಲಿ ಆಟಕ್ಕೆ ಬಿಟ್ಟಿದ್ದಾರಂತೆ.